ಕಂಬಿ ಹೋಗಿ ಕಂದಕ ಬಂತು

ಮೈಸೂರಿಗೆ ಶಾಲಾ ಪ್ರವಾಸವೆಂದರೆ ಅದಕ್ಕೊಂದು ಸಿದ್ಧ ಕ್ರಮವುಂಟು. ಬೆಳಿಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಅರಮನೆ, ಸಂಜೆಗೆ ಬೃಂದಾವನ. ಇವುಗಳ ನಡುವೆ, ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ, ಮೃಗಾಲಯಕ್ಕೆ ಒಂದೆರಡು ಗಂಟೆ. ಹುಲಿ ಆಗ ನೆರಳಿನಲ್ಲಿ ಮಲಗಿರುತ್ತದೆ, ಕರಡಿ ಬೆನ್ನು ತೋರಿಸುತ್ತದೆ, ಬಸ್ಸಿನವರು ಹಾರನ್ ಬಾರಿಸುವ ಮೊದಲು ಎಲ್ಲರನ್ನೂ ಹೊರಗೆ ತರಬೇಕೆಂದು ಮೇಷ್ಟ್ರು ಅವಸರಿಸುತ್ತಾರೆ. ಅಪ್ಪ ಅಮ್ಮನ ಜೊತೆ ಬಂದ ಮಕ್ಕಳಿಗೆ ಪುರಸೊತ್ತು ಹೆಚ್ಚು. ಅಲ್ಲಿ ನಡೆಯುವ ಮಾತೇ ಬೇರೆ. ‘ನಾನು ನಿನ್ನಷ್ಟಿದ್ದಾಗ ಇಲ್ಲೊಂದು ಗೊರಿಲ್ಲಾ ಇತ್ತು ಕಣೋ, ಒಂದೇ ಒಂದು’ ಎನ್ನುತ್ತಾರೆ ತಂದೆ. ‘ಈಗ ಎರಡಿವೆಯಲ್ಲಪ್ಪಾ’ ಎನ್ನುತ್ತಾನೆ ಮಗ.

ಇಬ್ಬರ ಮಾತೂ ನಿಜ. ಒಂದು ಎರಡಾಗುವ ನಡುವೆ ಈ ಮೃಗಾಲಯದಲ್ಲಿ ಏನೇನು ಬದಲಾಯಿತು, ಯಾಕೆ ಬದಲಾಯಿತು ಎಂಬುದು ಪ್ರಾಣಿಗಳಷ್ಟೇ ನೋಡತಕ್ಕ ಸಂಗತಿ. ಆದರೆ ಅದಕ್ಕೆ ಯಾವ ಫಲಕವೂ ಇರುವುದಿಲ್ಲ.

ಹತ್ತನೇ ಚಾಮರಾಜೇಂದ್ರ ಒಡೆಯರು ಈ ಮೃಗಾಲಯವನ್ನು ಆರಂಭಿಸಿದ್ದು 1892ರಲ್ಲಿ. ಅರಮನೆಗೆ ಸೇರಿದ ಹತ್ತು ಎಕರೆ ಚಿಲ್ಲರೆ ಜಾಗ, ಅರಮನೆಯದೇ ಪ್ರಾಣಿಗಳು. ಆಗಿನ ಹೆಸರು ಖಾಸ್ ಬಂಗಲೆ. ಮಹಾರಾಜರು 1894ರಲ್ಲಿ ತೀರಿಕೊಂಡರು. 1909ರಲ್ಲಿ ಅವರ ಹೆಸರನ್ನೇ ಮೃಗಾಲಯಕ್ಕೆ ಇಡಲಾಯಿತು. ಸ್ವಾತಂತ್ರ್ಯಾನಂತರ ಅದು ಸರ್ಕಾರದ ಕೈಗೆ ಬಂತು. ಮೊದಲು ಉದ್ಯಾನ ಇಲಾಖೆ, 1972ರಲ್ಲಿ ಅರಣ್ಯ ಇಲಾಖೆ, 1979ರಿಂದ ಕರ್ನಾಟಕ ಮೃಗಾಲಯ ಪ್ರಾಧಿಕಾರ. ನಡುವೆ ಪಕ್ಕದ ಕಾರಂಜಿ ಕೆರೆಯೂ ಸೇರಿ ಜಾಗ ಹಲವು ಪಟ್ಟು ಬೆಳೆಯಿತು. ಇಷ್ಟು ಇತಿಹಾಸ ಸಾಕು.

ಬೆಳೆದ ಜಾಗದಲ್ಲಿ ಏನು ಕಟ್ಟಿದರು ಎಂಬುದು ಮುಖ್ಯ. ಹಳೆಯ ಕಾಲದ ಮೃಗಾಲಯವೆಂದರೆ ಸಾಲು ಬೋನು. ಕಬ್ಬಿಣದ ಕಂಬಿಯ ಹಿಂದೆ ಸಿಮೆಂಟಿನ ನೆಲ, ಅದರ ಮೇಲೆ ಆ ತುದಿಯಿಂದ ಈ ತುದಿಗೆ ತಿರುಗುವ ಚಿರತೆ. ಜರ್ಮನಿಯ ಕಾರ್ಲ್ ಹಾಗೆನ್‌ಬೆಕ್ ಎಂಬ ಪ್ರಾಣಿ ವ್ಯಾಪಾರಿ ಇದನ್ನು ತಲೆಕೆಳಗು ಮಾಡಿದ. ಯಾವ ಪ್ರಾಣಿ ಎಷ್ಟು ದೂರ, ಎಷ್ಟು ಎತ್ತರ ನೆಗೆಯಬಲ್ಲದು ಎಂದು ಪರೀಕ್ಷಿಸಿ, ಅದಕ್ಕಿಂತ ಅಗಲವಾದ ಕಂದಕ ತೋಡಿಸಿದ. 1907ರಲ್ಲಿ ಹ್ಯಾಂಬರ್ಗಿನ ಬಳಿ ತೆರೆದ ಅವನ ಮೃಗಾಲಯದಲ್ಲಿ ಸಿಂಹಕ್ಕೂ ಜನಕ್ಕೂ ನಡುವೆ ಕಂಬಿಯೇ ಇರಲಿಲ್ಲ. ಮೈಸೂರಿನಲ್ಲಿ ಇಂದು ನಾವು ನೋಡುವ ಹುಲಿ, ಆನೆ, ಜಿರಾಫೆಗಳ ಬಯಲುಗಳ ಹಿಂದಿರುವುದು ಇದೇ ಉಪಾಯ.

ಕಂದಕವೆಂದರೆ ಎಲ್ಲಕ್ಕೂ ಒಂದೇ ಹಳ್ಳವಲ್ಲ. ಆನೆಯನ್ನು ತೆಗೆದುಕೊಳ್ಳಿ. ಬೆಳೆದ ಆನೆ ನಾಲ್ಕು ಕಾಲನ್ನೂ ಒಟ್ಟಿಗೆ ನೆಲದಿಂದ ಎತ್ತಲಾರದು, ಅಂದರೆ ನೆಗೆಯಲಾರದು. ಹೀಗಾಗಿ ಅಷ್ಟು ದೊಡ್ಡ ಪ್ರಾಣಿಗೆ ಹೆಚ್ಚು ಅಗಲವಲ್ಲದ ಒಣ ಗುಂಡಿ ಸಾಕು. ಹುಲಿಗೆ ಇದು ನಡೆಯದು. ಅದಕ್ಕೆ ನೆಗೆತವೂ ಗೊತ್ತು, ಈಜೂ ಗೊತ್ತು. ಬರೀ ನೀರು ತುಂಬಿಸಿ ಪ್ರಯೋಜನವಿಲ್ಲ, ಆಳವೂ ಅಗಲವೂ ಬೇಕು, ಜನರ ಕಡೆಯ ಗೋಡೆ ನೆಟ್ಟಗೆ ಎತ್ತರವಾಗಿರಬೇಕು. ಚಿಂಪಾಂಜಿ, ಗೊರಿಲ್ಲಾಗಳಿಗೆ ಈಜು ಬರುವುದಿಲ್ಲ. ನೀರೇ ಅವುಗಳಿಗೆ ಬೇಲಿ. ಆದರೆ ಅದೇ ನೀರಿನಲ್ಲಿ ಅವು ಮುಳುಗುವ ಭಯವೂ ಇದೆಯಾದ್ದರಿಂದ ಕಟ್ಟುವವರು ಎರಡೂ ಕಡೆ ಯೋಚಿಸಬೇಕು. ಮಕ್ಕಳು ಮುಂದಿನ ಸಲ ಹೋದಾಗ ಪ್ರಾಣಿಯ ಜೊತೆಗೆ ಅದರ ಕಂದಕವನ್ನೂ ನೋಡಲಿ. ಆ ಪ್ರಾಣಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ಅಲ್ಲೇ ತಿಳಿಯುತ್ತದೆ.

ತಂದೆತಾಯಂದಿರಿಗೂ ಇಲ್ಲೊಂದು ಮಾತು. ಚೆನ್ನಾಗಿ ಕಾಣಲಿ ಎಂದು ಮಗುವನ್ನು ಎತ್ತಿ ಕಟ್ಟೆಯ ಮೇಲೆ ಕೂರಿಸುವವರು ಕಡಿಮೆಯಿಲ್ಲ. 2014ರ ಸೆಪ್ಟೆಂಬರಿನಲ್ಲಿ ದೆಹಲಿಯ ಮೃಗಾಲಯದಲ್ಲಿ ಬಿಳಿ ಹುಲಿಯ ಕಂದಕಕ್ಕೆ ಬಿದ್ದ ಯುವಕ ಬದುಕಲಿಲ್ಲ. ಕಂದಕ ತಡೆಯುವುದು ಹುಲಿಯನ್ನು. ನಮ್ಮನ್ನು ನಾವೇ ತಡೆದುಕೊಳ್ಳಬೇಕು.

ಈಗ ಆ ಒಂಟಿ ಗೊರಿಲ್ಲಾ. ಅದರ ಹೆಸರು ಪೋಲೋ. ಐರ್ಲೆಂಡಿನ ಡಬ್ಲಿನ್ ಮೃಗಾಲಯದಿಂದ 1995ರಲ್ಲಿ ಮೈಸೂರಿಗೆ ಬಂದ ಗಂಡು. ದೇಶದಲ್ಲೇ ಉಳಿದಿದ್ದ ಒಂದೇ ಗೊರಿಲ್ಲಾ ಎಂದು ಅದನ್ನು ನೋಡಲು ಜನ ಮುಗಿಬೀಳುತ್ತಿದ್ದರು. ಬೆಳ್ಳಿಯಂತೆ ನರೆತ ಬೆನ್ನು, ಗಂಭೀರ ಮುಖ, ಎತ್ತಲೋ ನೋಡುತ್ತ ಕೂರುವ ಭಂಗಿ. ನಾವು ಅದನ್ನು ಗಾಂಭೀರ್ಯವೆಂದು ಮೆಚ್ಚಿಕೊಂಡೆವು. ಗೊರಿಲ್ಲಾ ಕಾಡಿನಲ್ಲಿ ಬದುಕುವುದು ಕುಟುಂಬವಾಗಿ. ಒಬ್ಬ ಯಜಮಾನ, ಕೆಲವು ಹೆಣ್ಣುಗಳು, ಮರಿಗಳು. ಅಂಥ ಪ್ರಾಣಿ ತನ್ನ ಜಾತಿಯ ಇನ್ನೊಂದು ಮುಖ ಕಾಣದೆ ವರ್ಷಗಟ್ಟಲೆ ಕೂತಿತ್ತು. ಜೋಡಿ ತರಲು ಪ್ರಯತ್ನವಾಗಲಿಲ್ಲವೆಂದಲ್ಲ. ಆದರೆ ಗೊರಿಲ್ಲಾಗಳನ್ನು ಹಣ ಕೊಟ್ಟು ಕೊಳ್ಳುವ ಕಾಲ ಹೋಗಿತ್ತು. ಯಾವ ಪ್ರಾಣಿ ಯಾವ ಮೃಗಾಲಯಕ್ಕೆ ಹೋಗಬೇಕೆಂದು ಯೂರೋಪಿನ ಮೃಗಾಲಯಗಳು ಒಟ್ಟಾಗಿ ಲೆಕ್ಕವಿಟ್ಟು ತೀರ್ಮಾನಿಸುತ್ತವೆ. ಪೋಲೋ 2014ರಲ್ಲಿ, ನಲವತ್ತು ದಾಟಿದ ವಯಸ್ಸಿನಲ್ಲಿ, ಒಂಟಿಯಾಗಿಯೇ ಸತ್ತಿತು.

ಏಳು ವರ್ಷ ಕಳೆದು, 2021ರಲ್ಲಿ, ಜರ್ಮನಿಯ ಮ್ಯೂನ್‌ಸ್ಟರ್ ಮೃಗಾಲಯದಿಂದ ಥಾಬೋ ಮತ್ತು ಡೆಂಬಾ ಬಂದವು. ಥಾಬೋಗೆ ಆಗ ಹದಿನಾಲ್ಕು, ಡೆಂಬಾಗೆ ಎಂಟು ವರ್ಷ. ಅವುಗಳಿಗಾಗಿ ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಹೊಸ ಮನೆ ಕಟ್ಟಲಾಯಿತು. ನೋಡಲು ಬಂದವರ ಮೊದಲ ಪ್ರಶ್ನೆ, ‘ಮರಿ ಯಾವಾಗ?’ ಮರಿ ಆಗುವುದಿಲ್ಲ, ಎರಡೂ ಗಂಡೇ. ಇದು ತಪ್ಪಿ ಆದದ್ದಲ್ಲ. ಗೊರಿಲ್ಲಾ ಮರಿಗಳಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಸಮ. ಆದರೆ ಹಲವು ಹೆಣ್ಣುಗಳ ಗುಂಪಿಗೆ ಒಂದೇ ಯಜಮಾನ ಸಾಕಾದ್ದರಿಂದ ಉಳಿದ ಗಂಡುಗಳಿಗೆ ಮನೆಯಿಲ್ಲ. ಅವುಗಳನ್ನು ಎಳೆಯ ವಯಸ್ಸಿನಿಂದ ಒಟ್ಟಿಗೆ ಬೆಳೆಸಿ, ಗಂಡುಗಳದೇ ಸಂಸಾರ ಮಾಡಿ, ಇಟ್ಟುಕೊಳ್ಳಲು ಒಪ್ಪಿದ ಮೃಗಾಲಯಕ್ಕೆ ಕಳಿಸುತ್ತಾರೆ. ಮೈಸೂರಿಗೆ ಬಂದದ್ದು ಆ ಬಗೆಯ ಜೋಡಿ. ನನ್ನ ಮಟ್ಟಿಗೆ, ಮರಿ ಇಲ್ಲದ ಈ ಇಬ್ಬರ ಸಂಸಾರ ಪೋಲೋನ ಏಕಾಂತಕ್ಕಿಂತ ಸಾವಿರ ಪಾಲು ಮೇಲು. ಒಂಟಿ ಪ್ರಾಣಿಗಳನ್ನು ಇಟ್ಟುಕೊಳ್ಳುವುದನ್ನು ಬಿಟ್ಟು ಅವುಗಳನ್ನು ಗುಂಪಿಗೆ ಸೇರಿಸಬೇಕೆಂದು ದೇಶದ ಮೃಗಾಲಯ ನಿಯಮಗಳೂ ಹೇಳುತ್ತವೆ.

ಅದೇ ಸಮಯದಲ್ಲಿ ಸಿಂಗಪುರ ಮತ್ತು ಮಲೇಷ್ಯಾದಿಂದ ಒರಾಂಗುಟಾನ್‌ಗಳೂ ಬಂದವು. ಇವು ಗೊರಿಲ್ಲಾದ ಹಾಗೆ ನೆಲದ ಮೇಲೆ ಕಾಲ ಕಳೆಯುವವಲ್ಲ, ಮರದ ಮೇಲಿನ ವಾಸಿಗಳು. ಗೊರಿಲ್ಲಾಗೆ ಹುಲ್ಲುನೆಲದ ಅಗಲ ಬೇಕಾದರೆ ಇವಕ್ಕೆ ಹತ್ತಲು, ಜೋತಾಡಲು ಎತ್ತರ ಬೇಕು.

ಇನ್ನು ಚೀತಾ. ನಮ್ಮ ದೇಶದ ಚೀತಾ ಅಳಿದುಹೋಯಿತೆಂದು ಸಾರಿದ್ದು 1952ರಲ್ಲಿ. ಕುನೋ ಕಾಡಿಗೆ 2022ರಲ್ಲಿ ನಮೀಬಿಯಾದ ಚೀತಾಗಳು ಬಂದಾಗ ದೇಶವೆಲ್ಲ ಕಣ್ಣರಳಿಸಿತು. ಮೈಸೂರಿನ ಮಕ್ಕಳು ಅದಕ್ಕೆ ಮೊದಲೇ ನೋಡಿಯಾಗಿತ್ತು: 2011ರಲ್ಲಿ ಜರ್ಮನಿಯಿಂದ ಬಂದವು, 2020ರಲ್ಲಿ ದಕ್ಷಿಣ ಆಫ್ರಿಕದಿಂದ ಬಂದ ಒಂದು ಗಂಡು, ಎರಡು ಹೆಣ್ಣು.

ಬರುವವು ಸುದ್ದಿಯಾಗುತ್ತವೆ, ಹೋಗುವವು ಆಗುವುದಿಲ್ಲ. ಮೈಸೂರಿನ ಜಿರಾಫೆ ಗೌರಿ 2018ರಲ್ಲಿ ಬನ್ನೇರುಘಟ್ಟಕ್ಕೆ ಹೋಯಿತು. ಜಿರಾಫೆಯನ್ನು ಸಾಗಿಸುವುದು ಮದುವೆ ದಿಬ್ಬಣ ಹೊರಡಿಸಿದಷ್ಟು ಸುಲಭವಲ್ಲ. ಹುಟ್ಟುವಾಗಲೇ ಹೆಚ್ಚುಕಡಿಮೆ ಆರಡಿ ಇರುವ ಪ್ರಾಣಿ ಪೂರ್ತಿ ಬೆಳೆದ ಮೇಲೆ ರಸ್ತೆಯ ವಿದ್ಯುತ್ ತಂತಿ, ಸೇತುವೆಗಳ ಕೆಳಗೆ ಹಾಯುವುದಿಲ್ಲ. ಆದ್ದರಿಂದ ಎಳೆಯದಾಗಿದ್ದಾಗಲೇ ಕಳಿಸಬೇಕು. ಹೊರಡುವ ಪ್ರಾಣಿಗೆ ದಿನಗಟ್ಟಲೆ ಮೊದಲೇ ಪೆಟ್ಟಿಗೆಯ ಪರಿಚಯ ಮಾಡಿಸುತ್ತಾರೆ. ಬಾಗಿಲು ತೆರೆದಿಟ್ಟು, ಮೇವನ್ನು ಅದರೊಳಗೇ ಇಟ್ಟು, ತಾನಾಗಿ ಹೋಗಿ ಬರುವ ಅಭ್ಯಾಸವಾದ ಮೇಲೆ ಒಂದು ದಿನ ಬಾಗಿಲು ಮುಚ್ಚುತ್ತಾರೆ. ಬಂದ ಪ್ರಾಣಿಯನ್ನೂ ಕೂಡಲೇ ಜನರ ಮುಂದೆ ಬಿಡುವುದಿಲ್ಲ. ರೋಗ ರುಜಿನವಿಲ್ಲವೆಂದು ಖಚಿತವಾಗುವವರೆಗೆ ಬೇರೆಯೇ ಇರಿಸುತ್ತಾರೆ.

ಈ ಬದಲಾವಣೆಗಳಲ್ಲಿ ಹೊರಗಿನವರ ಪಾಲೂ ಇದೆ. ಯೋಗ ಮತ್ತು ಸಂಸ್ಕೃತ ಕಲಿಯಲು ಮೈಸೂರಿಗೆ ಬಂದ ಸ್ಯಾಲಿ ವಾಕರ್ ಎಂಬ ಅಮೆರಿಕದ ಮಹಿಳೆ ಇಲ್ಲಿನ ಹುಲಿಮರಿಗಳನ್ನು ಕಂಡು ಅಲ್ಲೇ ನಿಂತರು. ಎಂಬತ್ತರ ದಶಕದ ಆರಂಭದಲ್ಲಿ ಮೃಗಾಲಯದ ಗೆಳೆಯರ ಕೂಟವೊಂದನ್ನು ಕಟ್ಟಿ, ಪ್ರಾಣಿಗಳನ್ನು ಕೆಣಕದೆ ನೋಡುವುದು ಹೇಗೆಂದು ಜನಕ್ಕೆ ಹೇಳತೊಡಗಿದರು. 1985ರಲ್ಲಿ ಅವರು ಸ್ಥಾಪಿಸಿದ ಝೂ ಔಟ್‌ರೀಚ್ ಸಂಸ್ಥೆ ಮುಂದೆ ಕೊಯಮತ್ತೂರಿನಿಂದ ಕೆಲಸ ನಡೆಸಿತು. 2019ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಬೇರೆ ಚಿಂತೆ ಇರಲಿಲ್ಲ.

ಹಣದ ವಿಷಯವನ್ನೂ ಹೇಳಬೇಕು. ಮೃಗಾಲಯ ಬಹುಮಟ್ಟಿಗೆ ನಡೆಯುವುದು ನಾವು ಬಾಗಿಲಲ್ಲಿ ಕೊಡುವ ಟಿಕೆಟ್ ಹಣದಿಂದ. 2020ರಲ್ಲಿ ಕೊರೋನಾ ಬಂದು ಬಾಗಿಲು ಮುಚ್ಚಿದಾಗ ಆನೆಯ ಹಸಿವೇನೂ ನಿಲ್ಲಲಿಲ್ಲ. ಆಗ ಸಾರ್ವಜನಿಕರಿಂದ ದೇಣಿಗೆ ಎತ್ತಬೇಕಾಯಿತು. ಪ್ರಾಣಿಗಳ ಆಹಾರದ ಖರ್ಚನ್ನು ದತ್ತು ಪಡೆದವರು ಹೊರುವ ಯೋಜನೆಯೂ ಕೈಹಿಡಿಯಿತು. ಸಣ್ಣ ಹಕ್ಕಿಯಿಂದ ಆನೆಯವರೆಗೆ ದರ ಬೇರೆ ಬೇರೆ. ಒಂದು ತರಗತಿಯ ಮಕ್ಕಳು ಕೂಡಿ ಹಕ್ಕಿಯೊಂದನ್ನು ದತ್ತು ಪಡೆಯಬಹುದು.

ಹೋಗುವವರು ಬೆಳಿಗ್ಗೆ ಬಾಗಿಲು ತೆರೆಯುವ ಎಂಟೂವರೆಗೇ ಹೋಗಿ. ಪ್ರಾಣಿಗಳು ಆಗಷ್ಟೇ ರಾತ್ರಿಯ ಮನೆಯಿಂದ ಬಯಲಿಗೆ ಬಂದಿರುತ್ತವೆ, ಓಡಾಡುತ್ತಿರುತ್ತವೆ. ಪ್ಲಾಸ್ಟಿಕ್ ಚೀಲ ಮನೆಯಲ್ಲೇ ಇರಲಿ, ಒಳಗೆ ಬಿಡುವುದಿಲ್ಲ. ದಸರೆಯ ದಿನಗಳಲ್ಲಿ ಪ್ರಾಣಿಗಿಂತ ಜನರನ್ನೇ ಹೆಚ್ಚು ನೋಡಬೇಕಾಗುತ್ತದೆ. ಮಂಗಳವಾರ ವಾರದ ರಜೆ. ಅಂದು ನೋಡಲು ಬರುವವರಿಲ್ಲವಾದ್ದರಿಂದ ದುರಸ್ತಿಯವರು, ಕಂದಕದ ಕಳೆ ಕೀಳುವವರು ಒಳಗೆ ಇಳಿಯುತ್ತಾರೆ. ಪ್ರಾಣಿಗಳಿಗೆ ವಾರಕ್ಕೊಂದು ದಿನ ನಮ್ಮಿಂದ ಬಿಡುವು.