ಎಂಟು ಸೆಕೆಂಡುಗಳ ಮೌನ

ಶ್ರಾವಕನಿಗೆ ವಿಹಿತವಾದ ಐದು ಅಣುವ್ರತಗಳಲ್ಲಿ ಸತ್ಯವು ಎರಡನೆಯದು. ಅದನ್ನು ಆಡುವ ಮಾತಿಗಷ್ಟೇ ಸೀಮಿತಗೊಳಿಸುವುದು ವಾಡಿಕೆ. ಆದರೆ ಬಾಯಿ ತೆರೆಯದೆಯೂ ಸತ್ಯವನ್ನು ಕಾಯಬಹುದಾದ, ಕೆಡಿಸಲೂಬಹುದಾದ ವೃತ್ತಿಗಳುಂಟು. ಸಾಕ್ಷ್ಯಚಿತ್ರದ ಸಹಾಯಕ ಸಂಕಲನಕಾರನ ವೃತ್ತಿ ಅಂತಹುದು.

ಚಿತ್ರೀಕರಣವಾದ ದೃಶ್ಯಗಳನ್ನು ಪ್ರತಿ ಮಾಡಿ ಬೇರೆ ಬೇರೆ ಡಿಸ್ಕುಗಳಲ್ಲಿ ಕಾಪಿಡುವುದು, ಕ್ಲ್ಯಾಪ್ ಹಲಗೆ ಬಡಿದ ಕ್ಷಣವನ್ನು ಗುರುತಾಗಿಟ್ಟುಕೊಂಡು ಪ್ರತ್ಯೇಕವಾಗಿ ಮುದ್ರಿಸಿದ ಧ್ವನಿಯನ್ನು ದೃಶ್ಯಕ್ಕೆ ಹೊಂದಿಸುವುದು, ಯಾರು ಯಾವ ನಿಮಿಷದಲ್ಲಿ ಏನೆಂದರೆಂದು ಪಟ್ಟಿ ಮಾಡುವುದು, ಸಂದರ್ಶನಗಳನ್ನು ಅಕ್ಷರಶಃ ಬರೆದಿಡುವುದು ಅವನ ಕೆಲಸ. ನಿರ್ದೇಶಕರೂ ಸಂಕಲನಕಾರರೂ ಆ ಪಟ್ಟಿಯನ್ನು ನಂಬಿ ಆಯ್ಕೆ ಮಾಡುತ್ತಾರೆ. ಹತ್ತಾರು ಗಂಟೆಗಳ ದೃಶ್ಯದಲ್ಲಿ ಪ್ರೇಕ್ಷಕನಿಗೆ ದಕ್ಕುವುದು ಒಂದು ಗಂಟೆ. ಪಟ್ಟಿಯಲ್ಲಿ ಬಿಟ್ಟುಹೋದದ್ದು ಚಿತ್ರದಲ್ಲಿ ಕಾಣಿಸಿಕೊಳ್ಳುವುದು ಅಪರೂಪ.

ಸಲ್ಲೇಖನವನ್ನು ಕುರಿತ ಚಿತ್ರವೊಂದರಲ್ಲಿ ದುಡಿದ ಶ್ರಾವಕ ಮನೆತನದ ತರುಣನೊಬ್ಬನಿಗೆ ಈ ಹೊಣೆಯ ಭಾರ ಅರಿವಾಯಿತು. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಈ ವ್ರತವನ್ನು ಅಪರಾಧವೆಂದು ಪರಿಗಣಿಸಲು ಆದೇಶಿಸಿತ್ತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ಅಲ್ಲಿಂದೀಚೆಗೆ ಈ ವಿಷಯದಲ್ಲಿ ಕ್ಯಾಮೆರಾದ ಮುಂದೆ ಆಡುವ ಒಂದೊಂದು ಮಾತಿಗೂ ತೂಕ ಹೆಚ್ಚಿದೆ. ವ್ರತ ಸ್ವೀಕರಿಸಿ ದೇಹವಿಟ್ಟ ತಾಯಿಯ ಕುರಿತು, ಆ ಸಂಕಲ್ಪ ಅವರ ಸ್ವಂತದ್ದೇ ಎಂದು ಮಗಳನ್ನು ಕೇಳಲಾಗಿತ್ತು. ಆಕೆ ಎಂಟು ಸೆಕೆಂಡು ಸುಮ್ಮನಿದ್ದು, ಆಮೇಲೆ "ಹೌದು, ಅವರದೇ" ಎಂದಿದ್ದರು.

ಸೆಕೆಂಡಿಗೆ 25 ಚೌಕಟ್ಟುಗಳಂತೆ ಆ ಮೌನ 200 ಚೌಕಟ್ಟುಗಳದು. ಅದನ್ನು ಕತ್ತರಿಸಿದರೆ ಉತ್ತರ ಪಾಠ ಒಪ್ಪಿಸಿದಂತೆ ಕೇಳುತ್ತದೆ. ಮೌನವನ್ನು ಉಳಿಸಿ ಮಾತನ್ನು ಕತ್ತರಿಸಿದರೆ ಅದೇ ಮುಖದಲ್ಲಿ ಸಂಶಯ ಕಾಣುತ್ತದೆ. ಮೊದಲನೆಯದು ಸಮಾಜಕ್ಕೆ ಹಿತ, ಎರಡನೆಯದು ಟೀಕಾಕಾರರಿಗೆ ಹಿತ. ಮಗಳ ದುಃಖವೂ ಶ್ರದ್ಧೆಯೂ ಕೂಡಿದ್ದ ಆ ಉತ್ತರ ಮಾತ್ರ ಎರಡರಲ್ಲಿಯೂ ಉಳಿಯದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಕೂಟಲೇಖಕ್ರಿಯೆಯೆಂದರೆ ಒಬ್ಬನು ಹೇಳದುದನ್ನು ಹೇಳಿದನೆಂದು ಬರೆಯುವುದು. ನ್ಯಾಸಾಪಹಾರವೆಂದರೆ ಇಟ್ಟ ಒಡವೆಗಳ ಲೆಕ್ಕ ಮರೆತು ಕಡಿಮೆ ಕೇಳಿದವನಿಗೆ, ಸರಿಯೆಂದು ಅಷ್ಟನ್ನೇ ಹಿಂದಿರುಗಿಸುವುದು. ಗಂಟೆಗಟ್ಟಲೆ ಮಾತನಾಡಿದವರಿಗೆ ತಾವು ಹೇಳಿದ್ದೆಲ್ಲ ನೆನಪಿರುವುದಿಲ್ಲ. ಅವರ ಮಾತು ಸಂಕಲನದ ಕೋಣೆಯಲ್ಲಿಟ್ಟ ನ್ಯಾಸ. ಅದರ ಪೂರ್ಣ ಲೆಕ್ಕ ಬಲ್ಲವನು ಆ ಸಹಾಯಕನೊಬ್ಬನೇ.

ಅಂತಿಮ ನಿರ್ಣಯ ಅವನ ಕೈಯಲ್ಲಿರಲಿಲ್ಲ. ಅವನು ಪಟ್ಟಿಯಲ್ಲಿ "ಎಂಟು ಸೆಕೆಂಡು ಮೌನ, ಅನಂತರ ಹೌದು" ಎಂದು ಬರೆದು, ಎರಡನ್ನೂ ಬೇರ್ಪಡಿಸಿದರೆ ಅರ್ಥ ಕೆಡುವುದೆಂದು ನಿರ್ದೇಶಕರಿಗೆ ವಿನಯದಿಂದ ತಿಳಿಸಿದನು. ಮೌನ ಮೂರು ಸೆಕೆಂಡಿಗಿಳಿಯಿತು, ಆದರೂ ಉಳಿಯಿತು.

ಮಹಾಮಸ್ತಕಾಭಿಷೇಕ, ಪಂಚಕಲ್ಯಾಣಗಳ ಚಿತ್ರಗಳನ್ನು ಮಾಡಿಸುವ ಬಸದಿಗಳ ಟ್ರಸ್ಟುಗಳು ಸಿದ್ಧಚಿತ್ರದ ಜೊತೆಗೆ ಮೂಲ ದೃಶ್ಯಗಳನ್ನೂ ಅವುಗಳ ಪಟ್ಟಿಯನ್ನೂ ಕೇಳಿ ಪಡೆದು ಭಂಡಾರದಲ್ಲಿ ಇಡುವುದು ಉಚಿತ. ತಾಳೆಗರಿಯ ಪ್ರತಿಗಳನ್ನು ಶತಮಾನಗಳ ಕಾಲ ಕಾಯ್ದ ಸಮಾಜಕ್ಕೆ ಈ ಕರ್ತವ್ಯ ಹೊಸದಲ್ಲ.