ಕೋಬುರ್ಗ್ ನಗರಲಾಂಛನದ ಕಪ್ಪು ಸಂತ

ಜರ್ಮನಿಯ ಬವೇರಿಯಾ ರಾಜ್ಯದ ಉತ್ತರ ಭಾಗದಲ್ಲಿರುವ ಕೋಬುರ್ಗ್ ನಗರದ ಲಾಂಛನದಲ್ಲಿ, ಹೊಂಬಣ್ಣದ ಗುರಾಣಿಯ ಮೇಲೆ ಕಪ್ಪುವರ್ಣದ ಪುರುಷನೊಬ್ಬನ ಮುಖವಿದೆ, ಕಿವಿಯಲ್ಲಿ ಓಲೆಯಿದೆ. ಆತ ನಗರದ ರಕ್ಷಕನೆಂದು ನಂಬಲಾದ ಸಂತ ಮಾರಿಸ್. ಈಜಿಪ್ಟಿನ ಥೀಬ್ಸ್ ಸೀಮೆಯಿಂದ ಬಂದ ಸೈನ್ಯದ ನಾಯಕನಾಗಿದ್ದ ಈತ, ರೋಮನ್ ಚಕ್ರವರ್ತಿಯ ಆಜ್ಞೆಗಿಂತ ತನ್ನ ಧರ್ಮವೇ ಹಿರಿದೆಂದು ಪ್ರಾಣತೆತ್ತನೆಂಬುದು ಐತಿಹ್ಯ. ಊರಿನ ಪ್ರಾಚೀನ ಚರ್ಚು ಸಹ ಅವನ ಹೆಸರನ್ನೇ ಹೊತ್ತಿದೆ.

1929ರಲ್ಲಿ ಈ ನಗರದ ಸಭೆಯಲ್ಲಿ ನಾತ್ಸಿ ಪಕ್ಷ ಬಹುಮತ ಗಳಿಸಿತು. ಜರ್ಮನಿಯಲ್ಲಿ ಅಂಥ ಮೊದಲ ನಗರವಿದು. ಜನಾಂಗಶುದ್ಧಿಯನ್ನು ಸಾರುವವರಿಗೆ ಆಫ್ರಿಕದ ಸಂತನೊಬ್ಬ ಊರಿನ ಗುರುತಾಗಿರುವುದು ಸಹ್ಯವಾಗಲಿಲ್ಲ. 1934ರಲ್ಲಿ ಆ ಮುಖವನ್ನು ಕಿತ್ತು, ಹಿಡಿಯ ತುದಿಯಲ್ಲಿ ಸ್ವಸ್ತಿಕವುಳ್ಳ ಖಡ್ಗವನ್ನು ಅಲ್ಲಿರಿಸಿದರು. ಆಳ್ವಿಕೆ ಕುಸಿದ 1945ರಲ್ಲಿ ಸಂತನು ತನ್ನ ಸ್ಥಾನಕ್ಕೆ ಮರಳಿದನು.

2020ರಲ್ಲಿ ಮತ್ತೊಂದು ಆಕ್ಷೇಪವೆದ್ದಿತು: ದಪ್ಪ ತುಟಿ, ಓಲೆಗಳಿಂದ ಕೂಡಿದ ಈ ಚಿತ್ರಣ ಕಪ್ಪು ಜನರ ವಿಕೃತ ಬಿಂಬವೆಂದು. ಎರಡು ಆಕ್ಷೇಪಗಳ ಗುರಿ ಒಂದೇ ಮುಖವಾದರೂ ಆಶಯಗಳು ವಿರುದ್ಧವಾಗಿವೆ. ಮೊದಲನೆಯದು ಆ ಮನುಷ್ಯನ ಇರವನ್ನೇ ನಿರಾಕರಿಸಿತು. ಎರಡನೆಯದು ಅವನನ್ನು ಬರೆದ ರೀತಿಯನ್ನು ಪ್ರಶ್ನಿಸುತ್ತದೆ. ಲಾಂಛನಗಳನ್ನು ಅಭ್ಯಸಿಸುವವರು ಈ ಅಂತರವನ್ನು ಮರೆತರೆ, ಸಂತನಿಗೆ ಸಲ್ಲುವ ಗೌರವ ಚಿತ್ರಕಾರನ ಪೂರ್ವಗ್ರಹಕ್ಕೂ ಸಂದುಬಿಡುತ್ತದೆ.