ಉಬ್ಬರ ಇಳಿತದ ಪಟ್ಟಿ

ಕಳೆದ ಮಳೆಗಾಲದುದ್ದಕ್ಕೂ ನಮ್ಮ ಊಟದ ಮೇಜಿನ ಮೇಲೆ ಫ್ರಾನ್ಸಿನ ಒಂದು ನಕ್ಷೆ ಹರಡಿಕೊಂಡಿತ್ತು. ನಾಂತ್ ನಗರದಲ್ಲಿ ಉದ್ಯೋಗದಲ್ಲಿರುವ ಮಗ ಕಳುಹಿಸಿದ ಬ್ರಿಟನಿ ಪ್ರಾಂತ್ಯದ ನಕ್ಷೆ ಅದು. ಹದಿನೈದು ದಿನಗಳ ಪ್ರವಾಸವನ್ನು ಅವನು ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದ. ನಾಂತ್‌ನ ಡ್ಯೂಕರ ಅರಮನೆಯಿಂದ ಹೊರಟು, ಒಳನಾಡಿನ ಫೂಜೇರ್ ಕೋಟೆ, ಬಂಡೆಯ ಮೂಗಿನ ಮೇಲೆ ನಿಂತ ಲಾ ಲಾತ್ ಕೋಟೆ, ಕೊನೆಗೆ ಕಡಲ ಗೋಡೆಗಳ ಊರಾದ ಸೇಂಟ್ ಮಾಲೋ. ಡೊಂಬಿವಲಿ ಎಂಐಡಿಸಿಯ ನಿವಾಸಿ ವಲಯದಲ್ಲಿ ನಾವು ಮನೆ ಮಾಡಿ ಮೂವತ್ತಾರು ವರ್ಷಗಳಾದವು. ಇಷ್ಟು ಕಾಲವೂ ನಮ್ಮ ಪ್ರಯಾಣವೆಂದರೆ ಲೋಕಲ್ ಗಾಡಿಯ ಪ್ರಯಾಣ, ಇಲ್ಲವೇ ಅಂಕೋಲೆಯ ಪ್ರಯಾಣ. ನಕ್ಷೆಯನ್ನು ಮುಂದಿಟ್ಟುಕೊಂಡು ಊರೂರಿನ ಹೆಸರನ್ನು ಬೆರಳಿನಿಂದ ಹಿಂಬಾಲಿಸುವ ಸುಖ ನಮಗೆ ಹೊಸದು.

ಓದುತ್ತಾ ಹೋದಂತೆ ಆ ನಾಡು ಹತ್ತಿರವಾಯಿತು. ಸೇಂಟ್ ಮಾಲೋದ ಕಡಲಿನಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ಹನ್ನೆರಡು ಮೀಟರಿನಷ್ಟು ಅಂತರ ಬೀಳುವ ದಿನಗಳುಂಟು. ಊರಿನೆದುರಿನ ನಡುಗಡ್ಡೆಯ ಬಂಡೆಯ ಮೇಲೆ, ವೋಬಾನ್ ಎಂಬ ಹೆಸರಾಂತ ದುರ್ಗಶಿಲ್ಪಿಯ ಯೋಜನೆಯಂತೆ 1689ರಲ್ಲಿ ಕಟ್ಟಿದ ಕೋಟೆಯೊಂದಿದೆ. ನೀರು ಇಳಿದಾಗ ಮರಳಿನ ಮೇಲೆ ನಡೆದೇ ಅಲ್ಲಿಗೆ ಹೋಗಬಹುದು. ನೀರು ಏರಿದರೆ ಕೋಟೆ ಮತ್ತೆ ದ್ವೀಪ. ಆದ್ದರಿಂದ ಅಲ್ಲಿ ಪ್ರವಾಸದ ದಿನಚರಿಯನ್ನು ಗಡಿಯಾರ ನೋಡಿ ಬರೆಯುವುದಿಲ್ಲ, ಉಬ್ಬರ ಇಳಿತದ ಪಟ್ಟಿ ನೋಡಿ ಬರೆಯುತ್ತಾರೆ. 1944ರ ಆಗಸ್ಟಿನ ಯುದ್ಧದಲ್ಲಿ ಗೋಡೆಯೊಳಗಿನ ಊರು ಬಹುಪಾಲು ಸುಟ್ಟು ಕುಸಿದಿತ್ತು. ಜನ ಅದನ್ನು ಹಳೆಯ ರೂಪದಲ್ಲಿಯೇ ಮತ್ತೆ ಎತ್ತಿ ನಿಲ್ಲಿಸಿದರು.

ಒಂದು ಭಾನುವಾರ ಸಂಜೆ ವಿಡಿಯೋ ಕರೆಯಲ್ಲಿ ಎಂಟು ವರ್ಷದ ಮೊಮ್ಮಗಳಿಗೆ ಈ ಕೋಟೆಯ ಕಥೆಯನ್ನು ಉತ್ಸಾಹದಿಂದ ಹೇಳಿದೆವು. ಅವಳು ಅದನ್ನು ಆಗಲೇ ನೋಡಿಬಂದವಳು. ಕೇಳಿ ಮುಗಿಸಿ, ತನ್ನ ಅರೆಗನ್ನಡದಲ್ಲಿ, "ಅಜ್ಜಾ, ನಿಮ್ಮಲ್ಲಿ ಸಮುದ್ರದಲ್ಲಿ ಕೋಟೆ ಇಲ್ವಾ?" ಎಂದಳು. ಇದೆ ಎಂದೆವು. ಅಲಿಬಾಗಿನ ಕುಲಾಬಾ ಕೋಟೆಗೂ ಇಳಿತದ ಹೊತ್ತಿನಲ್ಲಿ ನಡೆದೇ ಹೋಗುತ್ತಾರೆ, ಮಾಲವಣದಲ್ಲಿ ಸಿಂಧುದುರ್ಗವಿದೆ ಎಂದೆವು. "ಒಳಗೆ ಏನಿದೆ?" ಎಂದು ಅವಳು ಕೇಳಿದಳು. ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು. ಮೂವತ್ತಾರು ವರ್ಷಗಳಲ್ಲಿ ನಾವು ಒಂದನ್ನೂ ಒಳಹೊಕ್ಕು ನೋಡಿರಲಿಲ್ಲ.

ಆ ರಾತ್ರಿ ಬ್ರಿಟನಿಯ ನಕ್ಷೆಯ ಪಕ್ಕದಲ್ಲಿ ಕೊಂಕಣದ ನಕ್ಷೆ ಬಂದು ಕುಳಿತಿತು. ಎರಡನ್ನೂ ನೋಡುತ್ತ ನಮ್ಮ ಅಜ್ಞಾನಕ್ಕೆ ಕಾರಣ ಹುಡುಕಿದೆವು. ಊರಿಗೆ ಹೋಗುವುದೆಂದರೆ ನಮಗೆ ಯಾವಾಗಲೂ ಒಂದು ಕೆಲಸವಾಗಿತ್ತು: ಮದುವೆ, ತಿಥಿ, ಗದ್ದೆಯ ಪಹಣಿ, ಯಾರದೋ ಆಸ್ಪತ್ರೆ. ಮೊದಲಿನ ದಿನಗಳಲ್ಲಿ ರಾತ್ರಿ ಬಸ್ಸು ಘಟ್ಟದ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತ ಸಾಗುತ್ತಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ಣವಾದ ಮೇಲೆ ಅದೇ ದಾರಿ ಸುರಂಗಗಳ ಕತ್ತಲೆಯಲ್ಲಿ ನಿದ್ದೆಯಾಗಿ ಕಳೆಯಿತು. ಕುಡಾಳ ಎಂಬುದು ನಮಗೆ ಚಹಾ ಕುಡಿಯುವ ನಿಲ್ದಾಣ ಮಾತ್ರ. ಅಲ್ಲಿಂದ ಒಂದು ತಾಸಿನ ದಾರಿಯಲ್ಲಿ ಕಡಲಿದೆ, ಕಡಲಿನಲ್ಲಿ ಕೋಟೆಯಿದೆ ಎಂದು ಇಳಿದು ನೋಡುವ ವ್ಯವಧಾನ ನಮಗಿರಲಿಲ್ಲ.

ಹಾಗೆಂದು ಹೊಸದಾಗಿ ಓದತೊಡಗಿದೆವು. ಸಿಂಧುದುರ್ಗಕ್ಕೆ ಅಡಿಗಲ್ಲು ಬಿದ್ದದ್ದು 1664ರ ನವೆಂಬರಿನಲ್ಲಿ. ಕುರ್ಟೆ ಎಂಬ ನಡುಗಡ್ಡೆಯ ಮೇಲೆ, ಸುಮಾರು 48 ಎಕರೆಯ ವಿಸ್ತಾರದಲ್ಲಿ, ಅಡಿಪಾಯಕ್ಕೆ ಸೀಸ ಎರೆದು ಮೂರು ವರ್ಷಗಳಲ್ಲಿ ಅದನ್ನು ಮುಗಿಸಿದರು. ಸುತ್ತ ಉಪ್ಪುನೀರಿದ್ದರೂ ಒಳಗೆ ಸಿಹಿನೀರಿನ ಮೂರು ಬಾವಿಗಳಿವೆ. ಹಾಲುಬಾವಿ, ಮೊಸರುಬಾವಿ, ಸಕ್ಕರೆಬಾವಿ ಎಂದು ಅವುಗಳ ಹೆಸರು. ಮೊಮ್ಮಗಳ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿತು. 2025ರ ಜುಲೈನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮರಾಠರ ಹನ್ನೆರಡು ಕೋಟೆಗಳಲ್ಲಿ ಇದೂ ಒಂದು. ಖಾಂದೇರಿ, ಸುವರ್ಣದುರ್ಗ, ವಿಜಯದುರ್ಗಗಳೂ ಅದರಲ್ಲಿವೆ. ಆ ತೀರ್ಮಾನವಾದ ಸಭೆ ಸೇರಿದ್ದು ಪ್ಯಾರಿಸ್ಸಿನಲ್ಲಿ ಎಂಬುದನ್ನು ಓದಿ ನಾವು ನಕ್ಕೆವು.

ಆದರೆ ಓದು ಮುಂದುವರಿದಂತೆ ನಗುವಿನ ಜೊತೆ ಒಂದು ತೊಡಕೂ ಬಂತು. ಸಿಂಧುದುರ್ಗದ ಕೆಲಸ ಆರಂಭವಾದ ಮೂರೇ ತಿಂಗಳಿಗೆ, 1665ರ ಫೆಬ್ರವರಿಯಲ್ಲಿ, ಶಿವಾಜಿಯ ನೌಕಾಪಡೆ ಮಾಲವಣದಿಂದ ಹೊರಟು ಕೆಳದಿಯವರ ಸಂಪದ್ಭರಿತ ಬಂದರಾದ ಬಸರೂರಿನ ಮೇಲೆ ದಾಳಿಯಿಟ್ಟಿತು. ಮರಳುವಾಗ ಗೋಕರ್ಣದ ದರ್ಶನ ಮಾಡಿ ಕಾರವಾರದ ದಾರಿ ಹಿಡಿಯಿತು. ಇಲ್ಲಿ ನಮ್ಮ ಮಕ್ಕಳು ಮರಾಠಿ ಪುಸ್ತಕದಲ್ಲಿ ಅದನ್ನು ನೌಕಾಪಡೆಯ ಮೊದಲ ವಿಜಯವೆಂದು ಕಲಿತರು. ಬಸರೂರಿನ ಕಡೆಯಿಂದ ನೋಡಿದರೆ ಅದು ಪೇಟೆ ಸೂರೆಹೋದ ದಿನ. ಸೇಂಟ್ ಮಾಲೋದ ಸುರ್ಕೂಫ್‌ನ ಕಥೆಯೂ ಹೀಗೆಯೇ. 1800ರಲ್ಲಿ ಬಂಗಾಳ ಕೊಲ್ಲಿಯಲ್ಲಿ ಇಂಗ್ಲಿಷರ ಕೆಂಟ್ ಎಂಬ ಹಡಗನ್ನು ಹಿಡಿದ ಅವನಿಗೆ ತನ್ನೂರಿನಲ್ಲಿ ಪ್ರತಿಮೆ, ಇಂಗ್ಲಿಷರ ಬಾಯಲ್ಲಿ ಕಡಲುಗಳ್ಳನೆಂಬ ಹೆಸರು. ಕಾನ್ಹೋಜಿ ಆಂಗ್ರೆಯನ್ನೂ ಅವರು ಹಾಗೆಯೇ ಕರೆದರು. ಅನ್ನ ಕೊಟ್ಟ ನಾಡಿನ ಕಥೆಯನ್ನೂ ಹೆತ್ತ ನಾಡಿನ ಕಥೆಯನ್ನೂ ಒಟ್ಟಿಗೆ ಹೊತ್ತ ನಮ್ಮಂಥ ಹೊರನಾಡಿಗರಿಗೆ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಮೊಮ್ಮಗಳಿಗೆ ಎರಡನ್ನೂ ಹೇಳಬೇಕು. ಹೇಳಬೇಕಾದರೆ ಮಾಲವಣವನ್ನೂ ಗೋಕರ್ಣವನ್ನೂ ಒಂದೇ ಪ್ರವಾಸದಲ್ಲಿ ತೋರಿಸಬೇಕು.

ಇಷ್ಟೆಲ್ಲ ಬರೆದರೂ ಫ್ರಾನ್ಸಿನ ಪ್ರವಾಸಕ್ಕೆ ನಾವು ಹಿಂದೆಮುಂದೆ ನೋಡಿದ ನಿಜವಾದ ಕಾರಣವನ್ನು ಇನ್ನೂ ಹೇಳಿಲ್ಲ. ಅಂಕೋಲೆಯಲ್ಲಿ ಎಂಬತ್ತಾರರ ಆಯಿ ಇದ್ದಾರೆ. 2024ರ ಮೇ 23ರ ಮಧ್ಯಾಹ್ನ ಇಲ್ಲಿಯ ಕಾರ್ಖಾನೆಯೊಂದು ಸ್ಫೋಟಗೊಂಡು ಹತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ನಮ್ಮ ಕಿಟಕಿಯ ಗಾಜು ಅಡುಗೆಮನೆಯ ತುಂಬ ಚೆಲ್ಲಿತ್ತು. ಸುದ್ದಿ ಕೇಳಿದ ಆಯಿ ಪಕ್ಕದ ಮನೆಯವರಿಂದ ಫೋನು ಹಚ್ಚಿಸಿ ಕೇಳಿದ್ದು ಒಂದೇ ಮಾತು: "ಅಡ್ಡಿಲ್ಲವಾ?" ಅಡ್ಡಿಲ್ಲ ಎಂದೆವು. ಎರಡು ತಿಂಗಳು ತುಂಬುವ ಮೊದಲೇ, ಜುಲೈ 16ರಂದು, ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ದಾರಿಬದಿಯ ಚಹಾದಂಗಡಿಯೂ ಅದರಲ್ಲಿದ್ದ ಜೀವಗಳೂ ಮಣ್ಣಿನೊಡನೆ ಗಂಗಾವಳಿಯ ಪಾಲಾದವು. ಆ ಇಡೀ ದಿನ ಆಯಿಯ ಫೋನು ಹತ್ತಲಿಲ್ಲ. ಮರುದಿನ ಧ್ವನಿ ಕೇಳಿದಾಗ ನಾವು ಕೇಳಿದ್ದೂ ಅದೇ ಮಾತು. "ಅಡ್ಡಿಲ್ಲ, ಕರೆಂಟ್ ಇರಲಿಲ್ಲ" ಎಂದರು. ಹೊರಟು ಹೋಗೋಣವೆಂದರೆ ರಸ್ತೆಯ ಮೇಲೆ ಮಣ್ಣಿನ ಬೆಟ್ಟ. ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆಯೂ ಮುರಿದು ಬಿತ್ತು. ರೈಲಿನಲ್ಲಿ ಒಂದು ರಾತ್ರಿಯ ದೂರದಲ್ಲಿದ್ದುಕೊಂಡೇ ನಾವು ಹೀಗೆ ಕೈಕಟ್ಟಿ ಕುಳಿತಿದ್ದೆವು. ಏಳೆಂಟು ಸಾವಿರ ಕಿಲೋಮೀಟರಿನಾಚೆ, ಉಬ್ಬರ ಇಳಿತದ ಪಟ್ಟಿ ಹಿಡಿದು ಕೋಟೆ ನೋಡುತ್ತ ನಿಂತಾಗ ಆ ಫೋನು ಬಂದರೆ?

ಆಯಿಯನ್ನೇ ಕೇಳಿದೆವು. "ಹೋಗ್ಬನ್ನಿ, ನನ್ನದೇನೂ ಅಡ್ಡಿಲ್ಲ" ಎಂದರು. ನಮ್ಮ ಕಡೆಯ ಈ ಮಾತಿಗೆ ಎರಡು ಅರ್ಥ: ನಾನು ಚೆನ್ನಾಗಿದ್ದೇನೆ, ಮತ್ತು ನಾನು ನಿಮಗೆ ಅಡ್ಡಿಯಲ್ಲ. ಎರಡನೆಯ ಅರ್ಥ ಕಿವಿಗೆ ಬಿದ್ದ ಮೇಲೆ ವೀಸಾದ ಕಾಗದಗಳನ್ನು ಮುಂದಕ್ಕೆ ಸರಿಸಲು ನಮಗೆ ಕೈಬರಲಿಲ್ಲ. ಬ್ಯಾಂಕಿನ ಲೆಕ್ಕಪತ್ರವೂ ಮೂವತ್ತು ಸಾವಿರ ಯೂರೋಗಳ ಪ್ರವಾಸ ವಿಮೆಯ ಅರ್ಜಿಯೂ ಕಪಾಟಿನಲ್ಲಿ ಉಳಿದವು.

ಮಗನಿಗೆ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಅವನ ನಿರಾಶೆ ನಮಗೆ ತಿಳಿಯದ್ದಲ್ಲ; ನಾವು ಇನ್ನೆಷ್ಟು ವರ್ಷ ಇಷ್ಟು ನಡೆಯಬಲ್ಲೆವು ಎಂಬುದು ಅವನ ಲೆಕ್ಕ. ಆಯಿ ಇನ್ನೆಷ್ಟು ವರ್ಷ ಎಂಬುದು ನಮ್ಮ ಲೆಕ್ಕ. ಮೂರು ದಿನಗಳ ನಂತರ ಅವನೇ ಕರೆ ಮಾಡಿ, ಡಿಸೆಂಬರಿನ ರಜೆಗೆ ತಾವೇ ಬರುವುದಾಗಿ ಹೇಳಿದ. ಬ್ರಿಟನಿಯ ಮಕ್ಕಳನ್ನು ಒಂದು ಕಾಲದಲ್ಲಿ ಶಾಲೆಯಲ್ಲಿ ಬ್ರೆಟನ್ ಭಾಷೆ ಆಡಿದ್ದಕ್ಕೆ ಶಿಕ್ಷಿಸುತ್ತಿದ್ದರಂತೆ. 1977ರಿಂದೀಚೆಗೆ ದಿವಾನ್ ಎಂಬ ಹೆಸರಿನ ಶಾಲೆಗಳಲ್ಲಿ ಅದೇ ಭಾಷೆಯಲ್ಲಿ ಪಾಠ ನಡೆಯುತ್ತಿದೆ. ದಿವಾನ್ ಎಂದರೆ ಮೊಳಕೆ. ಇದನ್ನು ಹೇಳಿ ಮಗ, "ಇವಳಿಗೆ ಒಂದು ತಿಂಗಳು ಬರೀ ಕನ್ನಡ ಕೇಳಿಸಿ" ಎಂದ.

ಈಗ ಮೇಜಿನ ಮೇಲಿರುವ ಯೋಜನೆ ಹೀಗಿದೆ. ಡೊಂಬಿವಲಿಯಿಂದ ಎರಡನೆಯ ನಿಲ್ದಾಣವಾದ ದಿವಾದಿಂದ ಬೆಳಗಿನ ಸಾವಂತವಾಡಿ ಗಾಡಿ. ಕುಡಾಳದಲ್ಲಿ, ಈ ಸಲ ಚಹಾಕ್ಕಲ್ಲ, ಇಳಿಯುವುದು. ಮಾಲವಣದಲ್ಲಿ ಎರಡು ದಿನ. ಮಳೆಗಾಲದಲ್ಲಿ ನಿಲ್ಲುವ ದೋಣಿಗಳು ಆಗ ಓಡುತ್ತಿರುತ್ತವೆ. ಹೋದಮೇಲೆ ಮೂರು ಬಾವಿಗಳನ್ನೂ ಎಣಿಸಿ ನೋಡಬೇಕೆಂದು ಮೊಮ್ಮಗಳ ಆಜ್ಞೆಯಾಗಿದೆ. ಅಲ್ಲಿಂದ ಕಾರವಾರ, ಕಾಳಿಯ ದಡದಲ್ಲಿ ಸೋಂದೆಯ ಅರಸರ ಸದಾಶಿವಗಡ. ಆಮೇಲೆ ಅಂಕೋಲೆ, ಅಲ್ಲಿಗೆ ದಿನಗಳ ಲೆಕ್ಕ ಹಾಕಿಲ್ಲ. ಕೊನೆಗೆ ಕುಮಟೆಯ ಬಳಿಯ ಮಿರ್ಜಾನ್ ಕೋಟೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಹೊತ್ತ, ಜಂಬಿಟ್ಟಿಗೆಯ, ಪಾಚಿ ಹಸಿರಿನ ಕೋಟೆ ಅದು. ಮೊಣಕಾಲು ನೋವಿನವರೂ ಹತ್ತಬಹುದಾದ ಎತ್ತರ.

ಆಯಿಗೆ ಇದನ್ನೆಲ್ಲ ಓದಿ ಹೇಳಿದೆವು. ಅವರು ಕೇಳಿ, ತಾವು ಮದುವೆಯಾಗಿ ಬಂದ ವರ್ಷ ಮಿರ್ಜಾನದ ಮುಂದೆ ಬಸ್ಸಿನಲ್ಲಿ ಹಾದುಹೋದದ್ದುಂಟು, ಒಳಗೆ ಹೋದದ್ದಿಲ್ಲ ಎಂದರು. ಸ್ವಲ್ಪ ತಡೆದು, "ಗಾಡಿಯಲ್ಲಿ ಒಂದು ಜಾಗ ಆಗ್ತದಾ?" ಎಂದು ಕೇಳಿದರು. ನಾವು ಪಟ್ಟಿಯಲ್ಲಿ ಐದು ಎಂದಿದ್ದುದನ್ನು ಹೊಡೆದು ಆರು ಎಂದು ಬರೆದೆವು.